ಊದಿದ ಸ್ವರ ಮೈಯಲ್ಲಿ ಮೊಳಗುವುದೇಕೆ: ಹಿತ್ತಾಳೆ ವಾದ್ಯಗಾರರಿಗೆ ಒಂದು ಅಭ್ಯಾಸ ಕ್ರಮ

ಟ್ರಂಪೆಟ್, ಟ್ರೊಂಬೋನ್, ಯೂಫೋನಿಯಂ, ಫ್ರೆಂಚ್ ಹಾರ್ನ್, ಟ್ಯೂಬಾ, ಇವುಗಳಲ್ಲಿ ಯಾವುದನ್ನು ಕೈಗೆತ್ತಿಕೊಂಡವರೂ ಬಹುಬೇಗ ಗಮನಿಸುವ ಸಂಗತಿಯೊಂದಿದೆ: ಎಲ್ಲ ಸ್ವರಗಳೂ ಮೈಗೆ ಒಂದೇ ಬಗೆಯಲ್ಲಿ ತಾಗುವುದಿಲ್ಲ. ಒಂದು ಸ್ವರವನ್ನು ಊದಿದ ಕೂಡಲೇ ಬೆರಳ ತುದಿಗಳು ಝುಮ್ಮೆನ್ನುತ್ತವೆ, ದವಡೆಯ ಮೂಳೆಯಲ್ಲಿ ನಾದ ಹರಿಯುತ್ತದೆ, ಎದೆಗೂಡು ತುಂಬಿದಂತಾಗುತ್ತದೆ. ಅದರ ಪಕ್ಕದ ಸ್ವರಕ್ಕೆ ಅಷ್ಟೇ ಉಸಿರು ಕೊಟ್ಟರೂ ಅದು ಬಟ್ಟೆಯೊಳಗಿಂದ ಬಂದಂತೆ ಮಂಕಾಗಿ ಕೇಳಿಸುತ್ತದೆ. ಇದು ಮನಸ್ಸಿನ ಕಲ್ಪನೆಯಲ್ಲ. ಇದಕ್ಕೆ ಭೌತಿಕ ಕಾರಣಗಳಿವೆ, ಮತ್ತು ಅವು ಒಂದಲ್ಲ, ಹಲವು: ಕೊಳವೆಯದು, ತುಟಿಯದು, ಚರ್ಮದ ನರಗಳದು, ಮೂಳೆಯದು, ಕೊನೆಗೆ ನೀವು ನಿಂತು ಊದುತ್ತಿರುವ ಕೋಣೆಯದು.

ಮೈಗೆ ತಾಗುವ ಈ ಕಂಪನವು ನುಡಿಸುವವರಿಗೆ ಟ್ಯೂನರ್‌ಗಿಂತ, ಅಂದರೆ ಶ್ರುತಿಯನ್ನು ಅಳೆದು ತೋರಿಸುವ ಸಾಧನಕ್ಕಿಂತ, ಆಪ್ತವಾದ ಮಾರ್ಗದರ್ಶಕ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಯಾವ ಕಂಪನ ವಾದ್ಯದ್ದು, ಯಾವುದು ಕೋಣೆಯ ಗೋಡೆಯದು, ಯಾವುದು ಕಿಟಕಿಯ ಗಾಜಿನದು ಎಂದು ಬಿಡಿಸಿ ನೋಡಲು ಕಲಿತ ಮೇಲಷ್ಟೇ ಅದನ್ನು ನಂಬಬಹುದು. ಬೆಂಗಳೂರಿನ ಶಾಲಾ ಬ್ಯಾಂಡುಗಳಲ್ಲಿ, ಚರ್ಚುಗಳ ವಾದ್ಯವೃಂದಗಳಲ್ಲಿ, ಮೆರವಣಿಗೆಯ ಬ್ಯಾಂಡ್ ಸೆಟ್‌ಗಳಲ್ಲಿ ನುಡಿಸುವವರು ಮತ್ತು ಅಪಾರ್ಟ್‌ಮೆಂಟಿನ ಕೋಣೆಯಲ್ಲಿ ಒಬ್ಬರೇ ಅಭ್ಯಾಸ ಮಾಡುವವರು ಮನೆಯಲ್ಲೇ ಅನುಸರಿಸಬಹುದಾದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಒಂದು ಸೂಚನೆ ಮೊದಲೇ ಬೇಕು. ಈ ಲೇಖನದಲ್ಲಿ ಸ್ವರಗಳ ಹೆಸರನ್ನು ಕಿವಿಗೆ ಕೇಳುವ ಶ್ರುತಿಯ ಪ್ರಕಾರ ಕೊಟ್ಟಿದೆ. ಟ್ರಂಪೆಟ್‌ನವರ ಪುಸ್ತಕದಲ್ಲಿ ಸಿ ಎಂದು ಬರೆದಿರುವುದು ಕಿವಿಗೆ ಬಿ ಫ್ಲಾಟ್ ಆಗಿ ಕೇಳಿಸುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಅದು ಕಪ್ಪು ಐದು.

ಮೊದಲು ಕಾರಣವನ್ನು ತಿಳಿಯಿರಿ

ಹಿತ್ತಾಳೆ ವಾದ್ಯದಲ್ಲಿ ನಾದದ ಮೂಲ ತುಟಿಗಳು. ಸ್ಯಾಕ್ಸೋಫೋನ್ ಹಿತ್ತಾಳೆಯಿಂದಲೇ ಮಾಡಿದ್ದಾದರೂ ಅದರಲ್ಲಿ ಕಂಪಿಸುವುದು ರೀಡ್ ಎಂಬ ತೆಳು ಪಟ್ಟಿ, ಆದ್ದರಿಂದ ಅದು ಈ ಕುಟುಂಬಕ್ಕೆ ಸೇರುವುದಿಲ್ಲ. ನಮ್ಮ ಕೊಂಬು, ಕಹಳೆ, ಶಂಖಗಳಾದರೋ ತುಟಿಯಿಂದಲೇ ನುಡಿಯುವುದರಿಂದ ಪೂರ್ತಿಯಾಗಿ ಸೇರುತ್ತವೆ. ಉಸಿರಿನ ಒತ್ತಡದಿಂದ ತುಟಿಗಳು ತೆರೆದು ಮುಚ್ಚುತ್ತ ಗಾಳಿಯನ್ನು ತುಣುಕು ತುಣುಕಾಗಿ ಒಳಗೆ ಬಿಡುತ್ತವೆ. ಪ್ರತಿ ತುಣುಕೂ ಒತ್ತಡದ ಅಲೆಯಾಗಿ ಕೊಳವೆಯುದ್ದಕ್ಕೂ ಓಡಿ ಅದರ ಕೊನೆಯ ಅರಳಿದ ಬಾಯಿಯಾದ ಬೆಲ್ ಅನ್ನು ತಲುಪುತ್ತದೆ. ಬೆಲ್ ಅಗಲವಾಗಿ ತೆರೆದುಕೊಂಡಿದ್ದರೂ ಅಲೆಯ ಬಹುಪಾಲು ಅಲ್ಲಿಂದ ಹಿಂದಿರುಗುತ್ತದೆ. ಹೊರಗೆ ಹೋಗುವ ಸಣ್ಣ ಪಾಲನ್ನೇ ನಾವು ಸಂಗೀತವೆಂದು ಕೇಳುವುದು. ಹಿಂದಿರುಗಿದ ಅಲೆ ತುಟಿಗಳು ತೆರೆಯುವ ಹೊತ್ತಿಗೆ ಸರಿಯಾಗಿ ಬಂದು ಮುಟ್ಟಿದರೆ ಅವುಗಳನ್ನು ಇನ್ನಷ್ಟು ತೆರೆಯಲು ನೆರವಾಗುತ್ತದೆ. ಹೊತ್ತು ತಪ್ಪಿ ಬಂದರೆ ತುಟಿಯ ಕೆಲಸಕ್ಕೆ ಅಡ್ಡಿಯಾಗುತ್ತದೆ. ನೆರವಾಗುವ ಆವೃತ್ತಿಗಳು (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಹರ್ಟ್ಸ್‌ನಲ್ಲಿ ಅಳೆಯುವುದು) ಕೆಲವೇ ಕೆಲವು, ಮತ್ತು ಅವು ಕೊಳವೆಯ ಉದ್ದ, ಆಕಾರಗಳಿಂದ ನಿರ್ಧಾರವಾಗುತ್ತವೆ. ಇದೇ ಅನುರಣನ.

ಬಿ ಫ್ಲಾಟ್ ಟ್ರಂಪೆಟ್‌ನ ಕೊಳವೆಯನ್ನು ಬಿಚ್ಚಿ ನೇರ ಮಾಡಿದರೆ ಸುಮಾರು 1.4 ಮೀಟರ್ ಉದ್ದವಿರುತ್ತದೆ. ಟೆನರ್ ಟ್ರೊಂಬೋನ್ ಮತ್ತು ಯೂಫೋನಿಯಂ ಸುಮಾರು 2.7 ಮೀಟರ್, ಎಫ್ ಶ್ರುತಿಯ ಫ್ರೆಂಚ್ ಹಾರ್ನ್ ಸುಮಾರು 3.7 ಮೀಟರ್, ಬಿ ಫ್ಲಾಟ್ ಟ್ಯೂಬಾ ಸುಮಾರು 5.5 ಮೀಟರ್. ಟ್ರಂಪೆಟ್‌ನ ಯಾವ ವಾಲ್ವನ್ನೂ (ಒತ್ತಿದಾಗ ಕೊಳವೆಯ ಉದ್ದವನ್ನು ಹೆಚ್ಚಿಸುವ ಗುಂಡಿ) ಒತ್ತದೆ ಊದಿದರೆ ಸುಲಭವಾಗಿ ಸಿಗುವ ಸ್ವರಗಳು 233, 350, 466, 583, 699 ಹರ್ಟ್ಸ್‌ಗಳ ಆಸುಪಾಸಿನಲ್ಲಿರುತ್ತವೆ. ಕರ್ನಾಟಕ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಷಡ್ಜ, ಪಂಚಮ, ಮೇಲಿನ ಷಡ್ಜ, ಅಂತರ ಗಾಂಧಾರ, ಮೇಲಿನ ಪಂಚಮ. ತಂಬೂರಿಯನ್ನು ಶ್ರುತಿ ಸೇರಿಸಿ ಮೀಟಿದಾಗ ಯಾರೂ ನುಡಿಸದ ಗಾಂಧಾರ ತಾನಾಗಿ ಕೇಳಿಬರುತ್ತದಲ್ಲ, ಅದೂ ಟ್ರಂಪೆಟ್‌ನ ಈ ಗಾಂಧಾರವೂ ಒಂದೇ ಗಣಿತದ ಫಲ: ಮೂಲ ಆವೃತ್ತಿಯ (ಟ್ರಂಪೆಟ್‌ಗೆ ಅದು ಸುಮಾರು 117 ಹರ್ಟ್ಸ್) ಐದು ಪಟ್ಟು.

ಬರಿಯ ಕೊಳವೆಯೊಂದು ಇಷ್ಟು ಅಚ್ಚುಕಟ್ಟಾದ ಸಾಲನ್ನು ಕೊಡುವುದಿಲ್ಲ. ಒಂದು ತುದಿಯಲ್ಲಿ ತುಟಿಗೆ ಇಟ್ಟುಕೊಳ್ಳುವ ಬಟ್ಟಲಿನಂಥ ಮೌತ್‌ಪೀಸ್, ಇನ್ನೊಂದು ತುದಿಯಲ್ಲಿ ಅರಳಿದ ಬೆಲ್ ಸೇರಿದಾಗಲೇ ಅದರ ಅನುರಣನಗಳು ಒಂದಕ್ಕೊಂದು ಪಟ್ಟಿನ ಲೆಕ್ಕಕ್ಕೆ ಬರುತ್ತವೆ. ಮುಂದೆ ಬೆಂಗಳೂರನ್ನೇ ತಮ್ಮ ಊರಾಗಿಸಿಕೊಂಡ ಸಿ. ವಿ. ರಾಮನ್ ಅವರು 1920ರಲ್ಲಿ ಮೃದಂಗದ ಬಗ್ಗೆ ತೋರಿಸಿಕೊಟ್ಟ ಸಂಗತಿಯೂ ಇದಕ್ಕೆ ಹತ್ತಿರದ್ದು: ಸಾಮಾನ್ಯ ಚರ್ಮದ ಹೊದಿಕೆಯ ಉಪಸ್ವರಗಳು, ಅಂದರೆ ಮೂಲ ಸ್ವರದ ಜೊತೆ ಏಳುವ ಮೇಲಿನ ಸ್ವರಗಳು, ಚೆಲ್ಲಾಪಿಲ್ಲಿಯಾಗಿರುತ್ತವೆ, ನಡುವಿನ ಕಪ್ಪು ಲೇಪ ಅವುಗಳನ್ನು ಸಾಲಿಗೆ ತರುತ್ತದೆ. ಚರ್ಮಕ್ಕೆ ಆ ಲೇಪ ಮಾಡುವ ಕೆಲಸವನ್ನು ಕೊಳವೆಗೆ ಮೌತ್‌ಪೀಸ್ ಮತ್ತು ಬೆಲ್ ಮಾಡುತ್ತವೆ.

ಈ ಸಾಲು ಏಕೆ ಮುಖ್ಯವೆಂಬುದನ್ನು ಚೆನ್ನಾಗಿ ವಿವರಿಸಿದವರು ಅಮೆರಿಕದ ಭೌತವಿಜ್ಞಾನಿ ಆರ್ಥರ್ ಬೆನೇಡ್. ತುಟಿಗಳು 233 ಹರ್ಟ್ಸ್‌ನಲ್ಲಿ ಕಂಪಿಸುವಾಗ ಗಾಳಿಯಲ್ಲಿ ಆ ಒಂದೇ ಆವೃತ್ತಿ ಇರುವುದಿಲ್ಲ. 466, 699, 932 ಹೀಗೆ ಅದರ ಪಟ್ಟುಗಳೆಲ್ಲ ಇರುತ್ತವೆ. ಅವುಗಳಲ್ಲಿ ಪ್ರತಿಯೊಂದಕ್ಕೂ ಕೊಳವೆಯಲ್ಲಿ ಒಂದೊಂದು ಅನುರಣನ ಸಿದ್ಧವಾಗಿ ಕಾದಿದ್ದರೆ, ಅವೆಲ್ಲವೂ ಸೇರಿ ತುಟಿಯ ಕಂಪನವನ್ನು ಎತ್ತಿ ಹಿಡಿಯುತ್ತವೆ. ಸ್ವರ ಮೊಳಗುತ್ತದೆ ಎಂದು ನಾವು ಹೇಳುವುದು ಈ ಸಹಕಾರವನ್ನೇ. ಮೇಲಿನ ಸ್ಥಾಯಿಗೆ ಹೋದಂತೆ ಸಹಾಯಕರು ಕಡಿಮೆಯಾಗುತ್ತಾರೆ. ಟ್ರಂಪೆಟ್‌ನಲ್ಲಿ ಸುಮಾರು 1500 ಹರ್ಟ್ಸ್ ದಾಟಿದ ಅಲೆಗಳನ್ನು ಬೆಲ್ ಹಿಂದಿರುಗಿಸದೆ ಹೊರಗೆ ಬಿಟ್ಟುಬಿಡುತ್ತದೆ. ಆದ್ದರಿಂದ 932 ಹರ್ಟ್ಸ್‌ನ ತಾರಸ್ಥಾಯಿ ಬಿ ಫ್ಲಾಟ್‌ಗೆ ಅದರ ಸ್ವಂತ ಅನುರಣನವೊಂದೇ ಆಧಾರ, ಉಳಿದ ಭಾರವೆಲ್ಲ ತುಟಿಯ ಮೇಲೆ. ಕೆಳಗಿನ ಮತ್ತು ನಡುವಿನ ಸ್ವರಗಳು ತುಂಬಿ ಬರುವುದಕ್ಕೂ ಮೇಲಿನವು ಶ್ರಮ ಕೇಳುವುದಕ್ಕೂ ಇದು ಮುಖ್ಯ ಕಾರಣ.

ಇನ್ನು ಮೈಯ ಭಾಗ. ಚರ್ಮದ ಆಳದಲ್ಲಿ ಪಾಸಿನಿಯನ್ ಕಣಗಳೆಂಬ ನರತುದಿಗಳಿವೆ. ಕಂಪನವನ್ನು ಗುರುತಿಸುವುದೇ ಅವುಗಳ ಕೆಲಸ, ಮತ್ತು ಅವು ಅತ್ಯಂತ ಚುರುಕಾಗಿರುವುದು 200ರಿಂದ 300 ಹರ್ಟ್ಸ್‌ಗಳ ನಡುವೆ. ಸುಮಾರು 1000 ಹರ್ಟ್ಸ್ ಮೀರಿದರೆ ಬೆರಳಿಗೆ ಏನೂ ತಿಳಿಯುವುದಿಲ್ಲ. ಟ್ರಂಪೆಟ್‌ನ ಕೆಳಗಿನ ಬಿ ಫ್ಲಾಟ್ ಮತ್ತು ಟ್ರೊಂಬೋನ್, ಯೂಫೋನಿಯಂಗಳ ನಡುಸ್ಥಾಯಿಯ ಬಿ ಫ್ಲಾಟ್ 233 ಹರ್ಟ್ಸ್. ಅಂದರೆ ವಾದ್ಯ ಚೆನ್ನಾಗಿ ಮೊಳಗುವ ಜಾಗವೂ ಬೆರಳು ಚೆನ್ನಾಗಿ ಅರಿಯುವ ಜಾಗವೂ ಅಲ್ಲಿ ಒಂದಾಗಿವೆ. ಇದರ ಜೊತೆಗೆ ತುಟಿಯ ಕಂಪನ ಹಲ್ಲು, ದವಡೆ, ತಲೆಬುರುಡೆಗಳ ಮೂಲಕ ನೇರವಾಗಿ ಒಳಕಿವಿಯನ್ನು ತಲುಪುತ್ತದೆ. ನಿಮ್ಮ ನುಡಿಸಾಣಿಕೆಯನ್ನು ಧ್ವನಿಮುದ್ರಿಸಿ ಕೇಳಿದಾಗ ಅದು ಬೇರೆಯವರದ್ದೆಂಬಂತೆ ತೋರುವುದು ಇದರಿಂದಲೇ.

ಹಂತ 1: ಕೋಣೆಯನ್ನು ಪರೀಕ್ಷಿಸಿ

ವಾದ್ಯವನ್ನು ಹೊರತೆಗೆಯುವ ಮೊದಲು ಬಚ್ಚಲುಮನೆಗೆ ಹೋಗಿ ಬಾಗಿಲು ಮುಚ್ಚಿ, ಕೆಳಗಿನ ಶ್ರುತಿಯಿಂದ ಮೆಲ್ಲಗೆ ಮೇಲಕ್ಕೆ ಜಾರುತ್ತ ಗುನುಗಿ. ಯಾವುದೋ ಒಂದು ಶ್ರುತಿಯಲ್ಲಿ ಗೋಡೆಗಳೇ ಗುಂಯ್‌ಗುಟ್ಟುತ್ತವೆ. ಐದು ಅಡಿ ಅಂತರದ ಎರಡು ಗೋಡೆಗಳ ನಡುವೆ ಅದು ಸುಮಾರು 113 ಹರ್ಟ್ಸ್‌ಗೆ ಬರುತ್ತದೆ. ಆ ಶ್ರುತಿಗೆ ನಿಮ್ಮ ಗಂಟಲಿನ ಗುಣವಾಗಲಿ ಪ್ರಯತ್ನವಾಗಲಿ ಕಾರಣವಲ್ಲ, ಕೋಣೆಯ ಅಳತೆ ಮಾತ್ರ ಕಾರಣ.

ಅಭ್ಯಾಸದ ಕೋಣೆಗೂ ಇದೇ ಲೆಕ್ಕ. ಶಬ್ದದ ವೇಗವನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಆ ಕೋಣೆಯ ಮೊದಲ ಅನುರಣನ ಸಿಗುತ್ತದೆ. ನಮ್ಮ ನಗರದ ಫ್ಲ್ಯಾಟುಗಳಲ್ಲಿ ಹತ್ತು ಅಡಿಗೆ ಹತ್ತು ಅಡಿಯ ಕೋಣೆ ಬಹಳ ಸಾಮಾನ್ಯ. ಅದರಲ್ಲಿ ಸುಮಾರು 57, 113, 170, 227 ಹರ್ಟ್ಸ್‌ಗಳು ಉಬ್ಬಿ ಕೇಳಿಸುತ್ತವೆ. ಇವುಗಳಲ್ಲಿ 57, 113 ಮತ್ತು 227 ಎ ಹಾಗೂ ಬಿ ಫ್ಲಾಟ್‌ಗಳ ನಡುವೆ ಬೀಳುವುದರಿಂದ ಆ ಎರಡೂ ಸ್ವರಗಳಿಗೆ ಕೋಣೆಯ ಕೊಡುಗೆ ಸೇರಿಕೊಳ್ಳುತ್ತದೆ. ಚಾವಣಿಯೂ ಹತ್ತು ಅಡಿಯಿದ್ದರೆ ಮೂರೂ ದಿಕ್ಕಿನ ಅನುರಣನಗಳು ಒಂದೇ ಜಾಗದಲ್ಲಿ ಕೂಡುತ್ತವೆ. ಅಂಥ ಚೌಕದ ಕೋಣೆ ಸ್ವರಗಳನ್ನು ಹೋಲಿಸಿ ನೋಡುವ ಅಭ್ಯಾಸಕ್ಕೆ ತೀರ ಅನನುಕೂಲ.

ಪರೀಕ್ಷೆ ಹೀಗೆ ಮಾಡಿ. ಯಾವ ಸ್ವರ ಮೈಗೆ ಹೆಚ್ಚು ತಾಗುತ್ತದೆಯೋ ಅದನ್ನು ಮೂಲೆಯಲ್ಲಿ ನಿಂತು ಒಮ್ಮೆ, ಕೋಣೆಯ ನಟ್ಟನಡುವೆ ಒಮ್ಮೆ, ಗೋಡೆಯಿಂದ ಮೂರಡಿ ದೂರದಲ್ಲಿ ಒಮ್ಮೆ ಊದಿ. ಜಾಗ ಬದಲಾದಂತೆ ಅನುಭವವೂ ಬಹಳ ಬದಲಾದರೆ ಅದು ಕೋಣೆಯ ಕೊಡುಗೆ. ಎಲ್ಲೆಡೆಯೂ ಬೆರಳು ಮತ್ತು ದವಡೆಗೆ ಒಂದೇ ರೀತಿ ತಿಳಿದರೆ ಅದು ವಾದ್ಯದ್ದು. ಕಬ್ಬಿಣದ ಬೀರು, ಕಿಟಕಿಯ ಗಾಜು, ಗ್ರಿಲ್, ಗೋಡೆಗೆ ತಗುಲಿಸಿದ ಫೋಟೋಗಳು ಕೂಡ ಒಂದೊಂದು ಸ್ವರಕ್ಕೆ ಝಲ್ಲೆನ್ನುತ್ತವೆ. ಅವುಗಳನ್ನು ಕೈಯಿಂದ ಒತ್ತಿ ಹಿಡಿದು ನೋಡಿದರೆ ತಿಳಿಯುತ್ತದೆ. ಬೀರುವಿನ ಬಾಗಿಲಿಗೆ ಮಡಿಚಿದ ಕಾಗದ ಸಿಕ್ಕಿಸಿ, ಹಾಸಿಗೆ ಮತ್ತು ಪರದೆ ಇರುವ ಕೋಣೆಯನ್ನು ಆರಿಸಿಕೊಳ್ಳಿ. ಪರದೆಗಳು ಮೇಲಿನ ಆವೃತ್ತಿಗಳನ್ನಷ್ಟೇ ಹೀರುತ್ತವೆ, ಕೆಳಗಿನವಕ್ಕೆ ಅವು ಏನೂ ಮಾಡಲಾರವು ಎಂಬುದನ್ನೂ ನೆನಪಿಡಿ.

ಹಂತ 2: ವಾದ್ಯವನ್ನು ಬೆಚ್ಚಗಾಗಿಸಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಆದ್ದರಿಂದ ಇಲ್ಲಿ ವಾದ್ಯದ ಶ್ರುತಿ ಬದಲಾಗುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ಅದು ಸರಿಯಲ್ಲ. ಗಾಳಿಯ ಒತ್ತಡ ಕಡಿಮೆಯಾದರೆ ಶಬ್ದದ ವೇಗ ಬದಲಾಗುವುದಿಲ್ಲ. ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ತಾಪಮಾನ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ, ಒಂದು ಅರ್ಧಸ್ವರಕ್ಕೆ 100 ಸೆಂಟ್. ಜನವರಿಯ ಮುಂಜಾನೆಯ 16 ಡಿಗ್ರಿಗೂ ಏಪ್ರಿಲ್ ಮಧ್ಯಾಹ್ನದ 34 ಡಿಗ್ರಿಗೂ ಇರುವ ಅಂತರವನ್ನು ಹೀಗೆ ಲೆಕ್ಕ ಹಾಕಿದರೆ ಅರ್ಧಸ್ವರದ ಅರ್ಧದಷ್ಟಾಗುತ್ತದೆ. ನುಡಿಸುತ್ತ ಹೋದಂತೆ ಬೆಚ್ಚನೆಯ ಉಸಿರು ಒಳಗಿನ ಗಾಳಿಯನ್ನು ಒಂದು ಮಟ್ಟಕ್ಕೆ ತರುವುದರಿಂದ ನಿಜವಾದ ವ್ಯತ್ಯಾಸ ಇದಕ್ಕಿಂತ ಕಡಿಮೆ.

ಆದ್ದರಿಂದ ಮೊದಲ ಐದಾರು ನಿಮಿಷ ಯಾವ ತೀರ್ಮಾನಕ್ಕೂ ಬರಬೇಡಿ. ಸ್ವರ ಹೊರಡಿಸದೆ ಬರಿಯ ಉಸಿರನ್ನು ಕೊಳವೆಗೆ ಕೆಲವು ಬಾರಿ ಬಿಡಿ, ಅನಂತರ ನಡುಸ್ಥಾಯಿಯಲ್ಲಿ ಮೆಲುದನಿಯಲ್ಲಿ ಊದಿ, ಆಮೇಲಷ್ಟೇ ಟ್ಯೂನಿಂಗ್ ಸ್ಲೈಡ್ (ಎಳೆದು ತಳ್ಳಿ ಶ್ರುತಿ ಹೊಂದಿಸುವ ಕೊಳವೆಯ ಭಾಗ) ಸರಿಪಡಿಸಿ. ತಣ್ಣಗಿರುವ ವಾದ್ಯದಲ್ಲಿ ಸ್ವರದ ನಡುವೆಂಬುದು ಕ್ಷಣಕ್ಷಣಕ್ಕೂ ಸರಿಯುತ್ತಿರುತ್ತದೆ, ಅದನ್ನು ಹಿಡಿಯಲು ಹೊರಟರೆ ತುಟಿ ದಣಿಯುತ್ತದೆ ಅಷ್ಟೇ.

ಹಂತ 3: ಸ್ವರದ ನಡುವನ್ನು ಹುಡುಕಿ

ಈ ಇಡೀ ಕ್ರಮದ ಜೀವಾಳ ಇದು. ಉಳಿದೆಲ್ಲವನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಪ್ರತಿ ಸ್ವರಕ್ಕೂ ಒಂದಿಷ್ಟು ಅಗಲವಿದೆ. ವಾಲ್ವನ್ನು ಬದಲಿಸದೆ ತುಟಿಯನ್ನು ಸಡಿಲಿಸಿದರೆ ಸ್ವರ ತುಸು ಕೆಳಗೆ ಬಾಗುತ್ತದೆ, ಬಿಗಿದರೆ ತುಸು ಮೇಲೆ ಏರುತ್ತದೆ. ಆ ಅಗಲದ ಒಳಗೆ ಎಲ್ಲೋ ಒಂದು ಕಡೆ ಕಡಿಮೆ ಉಸಿರಿಗೆ ಅತಿ ಹೆಚ್ಚು ನಾದ ಬರುವ ಬಿಂದು ಇದೆ. ಕಲಿಯುವವರಲ್ಲಿ ಬಹುಮಂದಿ ಆ ಬಿಂದುವಿಗಿಂತ ಸ್ವಲ್ಪ ಮೇಲೆ, ತುಟಿಯನ್ನು ಬಿಗಿದುಕೊಂಡೇ ನುಡಿಸುತ್ತಾರೆ. ಸ್ವರ ಮೈಗೆ ತಾಗದಿರಲು ಸಾಮಾನ್ಯ ಕಾರಣ ಅದೇ.

ಮೊದಲು ವಾಲ್ವ್ ಒತ್ತದೆ ಸಿಗುವ ನಡುಸ್ಥಾಯಿಯ ಎಫ್ ಸ್ವರವನ್ನು, ಅಂದರೆ ಪಂಚಮವನ್ನು, ಆರಾಮವಾಗಿ ಊದಿ. ಟ್ರೊಂಬೋನಿನವರು ಮೊದಲ ಸ್ಥಾನದಲ್ಲೇ, ಅಂದರೆ ಜಾರುಕೊಳವೆಯನ್ನು ಪೂರ್ತಿ ಒಳಗೆಳೆದುಕೊಂಡು, ಎಫ್ ಹಿಡಿಯಿರಿ. ಮೂರು ನಾಲ್ಕು ಎಣಿಸುವಷ್ಟು ಹೊತ್ತು ಹಿಡಿದು, ಉಸಿರನ್ನು ತಡೆಯದೆ ಸ್ವರವನ್ನು ನಿಧಾನವಾಗಿ ಕೆಳಕ್ಕೆ ಬಾಗಿಸಿ. ನಾದ ತೆಳುವಾಗುವುದು, ವಾದ್ಯ ತುಟಿಗೆ ಎದುರು ನಿಲ್ಲುವುದು, ಕೈಯಲ್ಲಿನ ಕಂಪನ ಕಡಿಮೆಯಾಗುವುದು ನಿಮಗೇ ತಿಳಿಯುತ್ತದೆ. ಈಗ ತುಟಿಯಿಂದ ಎತ್ತಲು ಹೋಗದೆ, ಬಾಗಿಸಿದ್ದನ್ನು ಮೆಲ್ಲಗೆ ಬಿಟ್ಟುಬಿಡಿ. ಸ್ವರ ತಾನಾಗಿ ಮರಳಿ ಎಲ್ಲಿ ನಿಲ್ಲುತ್ತದೆಯೋ ಅದೇ ಅದರ ನಡು. ಅಲ್ಲಿಗೆ ಬಂದ ಗಳಿಗೆಯಲ್ಲಿ ಎಡಗೈ ಬೆರಳುಗಳು ಮತ್ತು ಮೇಲ್ದವಡೆ ಎರಡರಲ್ಲೂ ಒಟ್ಟಿಗೆ ನಾದ ತುಂಬುತ್ತದೆ. ಹೀಗೆ ಒಂದೊಂದು ಸ್ವರಕ್ಕೂ ಮಾಡಿ. ಮೇಲಕ್ಕೆ ಏರಿಸಿ ನೋಡುವ ಅಗತ್ಯ ಹೆಚ್ಚಿಲ್ಲ. ಕೆಳಗಿನಿಂದ ಮರಳುವ ದಾರಿಯಲ್ಲಿ ಸ್ನಾಯು ಸಡಿಲವಾಗಿರುವುದರಿಂದ ಅದೇ ಹೆಚ್ಚು ನಂಬಿಕೆಗೆ ಅರ್ಹ.

ಬಾಯಿಯ ಒಳಗಿನ ಆಕಾರವೂ ಇಲ್ಲಿ ಪಾಲುಗೊಳ್ಳುತ್ತದೆ. ತುಟಿಯ ಆಚೆ ಕೊಳವೆಯ ಗಾಳಿ ಇದ್ದರೆ ಈಚೆ ಬಾಯಿ ಮತ್ತು ಗಂಟಲಿನ ಗಾಳಿ ಇದೆ, ಅದಕ್ಕೂ ತನ್ನದೇ ಅನುರಣನಗಳಿವೆ. ಒಂದೇ ಸ್ವರವನ್ನು ಹಿಡಿದುಕೊಂಡು ನಾಲಿಗೆಯನ್ನು ‘ಓ’ ಎನ್ನುವ ಸ್ಥಿತಿಯಿಂದ ‘ಆ’ಗೆ, ಅಲ್ಲಿಂದ ‘ಈ’ಗೆ ತನ್ನಿ. ಕೆಳಗಿನ ಸ್ವರಗಳಿಗೆ ‘ಓ’, ಮೇಲಿನವುಗಳಿಗೆ ‘ಈ’ ಹತ್ತಿರವಾಗುವುದನ್ನು ಬಹುಪಾಲು ವಾದಕರು ಕಾಣುತ್ತಾರೆ. ಆದರೆ ಬಾಯಿಯ ರಚನೆ ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ, ಆದ್ದರಿಂದ ಗುರುಗಳು ಹೇಳಿದ ಅಕ್ಷರಕ್ಕಿಂತ ನಿಮ್ಮ ದವಡೆ ಹೇಳುವುದನ್ನು ನಂಬಿ.

ಹಂತ 4: ಶ್ರುತಿಯ ಜೊತೆ ಊದಿ

ಮೊಬೈಲಿನಲ್ಲಿ ತಂಬೂರಿಯ ಆ್ಯಪ್ ಅಥವಾ ಮನೆಯಲ್ಲಿರುವ ಶ್ರುತಿ ಪೆಟ್ಟಿಗೆಯನ್ನು ಕಪ್ಪು ಐದಕ್ಕೆ ಇಟ್ಟು, ವಾಲ್ವ್ ಒತ್ತದ ಸ್ವರಗಳನ್ನು ಒಂದಾದ ಮೇಲೊಂದು ಊದಿ. ಪಾಶ್ಚಾತ್ಯ ವಾದ್ಯ ಕಲಿಯುವ ನಮ್ಮವರಿಗೆ ಇದೊಂದು ದೊಡ್ಡ ಅನುಕೂಲ. ಬಾಲ್ಯದಿಂದ ಶ್ರುತಿಯ ನಡುವೆ ಬೆಳೆದ ಕಿವಿಗೆ ಈ ಅಭ್ಯಾಸ ಹೊಸದೆನಿಸುವುದಿಲ್ಲ.

ಷಡ್ಜ ಪಂಚಮಗಳು ಸುಲಭವಾಗಿ ಸೇರುತ್ತವೆ. ಗಾಂಧಾರಕ್ಕೆ ಬಂದಾಗ ಗಮನವಿಡಿ. ವಾದ್ಯದ ಸಹಜ ಗಾಂಧಾರ, ಅಂದರೆ ಸುಮಾರು 583 ಹರ್ಟ್ಸ್‌ನ ಡಿ, ಪಿಯಾನೋ ಅಥವಾ ಕೀಬೋರ್ಡಿನ ಡಿಗಿಂತ 14 ಸೆಂಟ್‌ನಷ್ಟು ಕೆಳಗಿದೆ. ಟ್ಯೂನರ್ ನೋಡುತ್ತ ಊದುವವರು ಮುಳ್ಳು ನಡುವಿಗೆ ಬರಲೆಂದು ತುಟಿ ಬಿಗಿಯುತ್ತಾರೆ, ಸ್ವರದ ಮೊಳಗು ಅಲ್ಲೇ ಕಡಿಮೆಯಾಗುತ್ತದೆ. ತಂಬೂರಿಯ ಜೊತೆಗಾದರೆ ಬಿಗಿಯುವ ಅಗತ್ಯವೇ ಇಲ್ಲ, ಏಕೆಂದರೆ ತಂಬೂರಿಯ ಗಾಂಧಾರವೂ ಅಲ್ಲೇ ಇದೆ. ಕೀಬೋರ್ಡಿನ ಜೊತೆ ನುಡಿಸುವಾಗ ಅದನ್ನು ಎತ್ತಲೇಬೇಕು. ಆ ಹೊತ್ತಿನಲ್ಲಿ ಸ್ವರ ಮಂಕಾಗುವುದು ನಿಮ್ಮ ದೋಷವಲ್ಲ ಎಂಬುದನ್ನು ತಿಳಿದು ಎತ್ತಿ. ಮೂಲ ಆವೃತ್ತಿಯ ಏಳು ಪಟ್ಟಿನ ಸ್ವರ ಕೀಬೋರ್ಡಿನದಕ್ಕಿಂತ 31 ಸೆಂಟ್‌ನಷ್ಟು ಕೆಳಗಿರುವುದರಿಂದ ಟ್ರಂಪೆಟ್‌ನವರು ಅದನ್ನು ಬಳಸದೆ ಬೇರೆ ವಾಲ್ವಿನಿಂದ ಆ ಸ್ವರವನ್ನು ಪಡೆಯುತ್ತಾರೆ.

ಹಂತ 5: ಮೈಯ ನಕ್ಷೆ ಬರೆದಿಡಿ

ಒಂದು ನೋಟ್‌ಪುಸ್ತಕದಲ್ಲಿ ಸ್ವರಗಳನ್ನು ಕೆಳಗಿನಿಂದ ಮೇಲಕ್ಕೆ ಬರೆದು, ಪ್ರತಿಯೊಂದರ ಎದುರು ಅದು ಎಲ್ಲಿ ತಾಗುತ್ತದೆ ಎಂದು ಎರಡೇ ಮಾತಿನಲ್ಲಿ ಗುರುತಿಸಿ: ಪಾದ, ಹೊಟ್ಟೆ, ಎದೆ, ಬೆರಳು, ದವಡೆ, ಹಣೆ. ಟ್ಯೂಬಾ ಮತ್ತು ಟ್ರೊಂಬೋನ್‌ಗಳ ಕೆಳಗಿನ ಸ್ವರಗಳು ಹೊಟ್ಟೆ ಎದೆಗಳಿಗೂ ನೆಲದ ಮೂಲಕ ಪಾದಕ್ಕೂ ತಿಳಿಯುತ್ತವೆ. ನಡುವಿನವು ಬೆರಳಿಗೆ, ಮೇಲಿನವು ಹಲ್ಲು ಮತ್ತು ಹಣೆಗೆ. ಇದನ್ನು ಬರಿಗಾಲಿನಲ್ಲಿ ನಿಂತು ಮಾಡುವುದು ಒಳ್ಳೆಯದು. ಬೇರೆ ಬೇರೆ ದಿನ, ಬೇರೆ ಕೋಣೆಯಲ್ಲಿ ಮತ್ತೆ ಬರೆದು ಹೋಲಿಸಿ. ಎರಡರಲ್ಲೂ ಉಳಿದದ್ದೇ ನಿಮ್ಮ ನಿಜವಾದ ನಕ್ಷೆ.

ಕೈಗೆ ತಿಳಿಯುವ ಲೋಹದ ನಡುಕವೇ ಹೊರಗೆ ಕೇಳುವ ನಾದಕ್ಕೆ ಮೂಲ ಎಂದು ಮಾತ್ರ ಭಾವಿಸಬೇಡಿ. ನಾದ ಹುಟ್ಟುವುದು ಒಳಗಿನ ಗಾಳಿಯ ಕಂಬದಲ್ಲಿ. ಲೋಹದ ಗೋಡೆಯ ಕಂಪನ ಹೊರಗಿನ ಧ್ವನಿಗೆ ಸೇರಿಸುವುದು ಅತ್ಯಲ್ಪ. ಅದು ನುಡಿಸುವವರಿಗೆ ಸಿಗುವ ಸುದ್ದಿ, ಕೇಳುಗರಿಗೆ ತಲುಪುವ ಸಂಗೀತವಲ್ಲ.

ಹಂತ 6: ಮಂಕಾದ ಸ್ವರಗಳ ಕಾರಣ ಹುಡುಕಿ

ನಕ್ಷೆಯಲ್ಲಿ ಕೆಲವು ಸ್ವರಗಳ ಎದುರು ಏನೂ ಬರೆಯಲಾಗದೆ ಉಳಿದಿರುತ್ತದೆ. ಅವುಗಳ ಬಗ್ಗೆ ಬೇಸರಪಡುವ ಮೊದಲು ಕೆಳಗಿನವನ್ನು ನೋಡಿ.

ಟ್ರಂಪೆಟ್‌ನಲ್ಲಿ ಒಂದು ಮತ್ತು ಮೂರನೆಯ ವಾಲ್ವನ್ನು ಒಟ್ಟಿಗೆ ಒತ್ತುವ ಸ್ವರಗಳು, ಮೂರನ್ನೂ ಒತ್ತುವ ಸ್ವರಗಳು ಸ್ವಭಾವತಃ ಶ್ರುತಿ ಮೀರುತ್ತವೆ. ಪ್ರತಿ ವಾಲ್ವೂ ಮೂಲ ಕೊಳವೆಯ ಉದ್ದಕ್ಕೆ ತಕ್ಕಂತೆ ಅಳೆದದ್ದು. ಆಗಲೇ ಉದ್ದವಾದ ಕೊಳವೆಗೆ ಇನ್ನೊಂದನ್ನು ಸೇರಿಸಿದರೆ ಅದು ಸಾಲದೆ ಬರುತ್ತದೆ. ಬರಿಯ ಲೆಕ್ಕದ ಪ್ರಕಾರ ಮೊದಲನೆಯ ಜೋಡಣೆಯಲ್ಲಿ ಸುಮಾರು 30 ಸೆಂಟ್, ಮೂರೂ ಸೇರಿದಾಗ ಸುಮಾರು 55 ಸೆಂಟ್ ಮೇಲಾಗುತ್ತದೆ. ಇದನ್ನು ತುಟಿಯಿಂದ ಕೆಳಗಿಳಿಸಿದರೆ ಸ್ವರ ನಡುವಿನಿಂದ ಹೊರಬಿದ್ದು ಮಂಕಾಗುತ್ತದೆ. ಮೂರನೆಯ ವಾಲ್ವಿನ ಸ್ಲೈಡಿಗೆ ಉಂಗುರ ಇಟ್ಟಿರುವುದು ಇದಕ್ಕಾಗಿಯೇ: ಉಂಗುರದ ಬೆರಳಿನಿಂದ ಸ್ಲೈಡನ್ನು ಹೊರಕ್ಕೆ ತಳ್ಳಿ, ತುಟಿಯನ್ನು ಇದ್ದಲ್ಲೇ ಇರಗೊಡಿಸಿ, ಮತ್ತೆ ನಡುವನ್ನು ಹುಡುಕಿ. ಆ ಸ್ಲೈಡ್ ಜಡ್ಡುಗಟ್ಟಿ ಅಲ್ಲಾಡದ ವಾದ್ಯಗಳನ್ನು ನಮ್ಮ ಶಾಲೆಗಳಲ್ಲಿ ಎಷ್ಟೋ ಮಕ್ಕಳು ನುಡಿಸುತ್ತಿದ್ದಾರೆ. ಒಂದಿಷ್ಟು ಸ್ಲೈಡ್ ಗ್ರೀಸ್ ಹಾಕಿ ಅದನ್ನು ಬಿಡಿಸಿಕೊಡುವುದು ಆ ಮಕ್ಕಳ ಸ್ವರಕ್ಕೆ ಮಾಡಬಹುದಾದ ಅತಿ ದೊಡ್ಡ ಉಪಕಾರ.

ಒಂದೇ ಸ್ವರವನ್ನು ಎರಡು ದಾರಿಯಲ್ಲಿ ಊದಿ ಹೋಲಿಸುವುದೂ ಉಪಯುಕ್ತ. ಟ್ರೊಂಬೋನಿನಲ್ಲಿ ನಡುಸ್ಥಾಯಿಯ ಎಫ್ ಅನ್ನು ಮೊದಲ ಸ್ಥಾನದಲ್ಲೂ ಆರನೆಯ ಸ್ಥಾನದಲ್ಲೂ ಪಡೆಯಬಹುದು, ಅದರ ಮೇಲಿನ ಬಿ ಫ್ಲಾಟ್ ಅನ್ನು ಮೊದಲ ಮತ್ತು ಐದನೆಯ ಸ್ಥಾನಗಳಲ್ಲಿ. ಆವೃತ್ತಿ ಹೆಚ್ಚು ಕಡಿಮೆ ಒಂದೇ, ಆದರೆ ಕೊಳವೆಯ ಉದ್ದ ಬೇರೆ, ಸಹಕರಿಸುವ ಅನುರಣನಗಳು ಬೇರೆ, ಕೈಗೆ ತಿಳಿಯುವುದೂ ಬೇರೆ. ಟ್ರಂಪೆಟ್‌ನವರು ಒಂದು ಮತ್ತು ಎರಡನೆಯ ವಾಲ್ವಿನ ಸ್ವರವನ್ನು ಮೂರನೆಯ ವಾಲ್ವೊಂದರಿಂದಲೇ ಊದಿ ನೋಡಿ.

ನಿನ್ನೆಯವರೆಗೆ ಮೊಳಗುತ್ತಿದ್ದ ಸ್ವರವೊಂದು ಇಂದು ಮಂಕಾಗಿದ್ದರೆ ಗಾಳಿ ಸೋರಿಕೆಯನ್ನು ಶಂಕಿಸಿ. ಕೊಳವೆಯೊಳಗೆ ಪ್ರತಿ ಸ್ವರಕ್ಕೂ ಒತ್ತಡ ಅತಿ ಹೆಚ್ಚಿರುವ ಜಾಗಗಳು ಮತ್ತು ಒತ್ತಡವೇ ಇಲ್ಲದಂಥ ಜಾಗಗಳು ಇರುತ್ತವೆ. ಸೋರುವ ತೂತು ಒಂದು ಸ್ವರದ ಒತ್ತಡದ ಜಾಗಕ್ಕೆ ಬಿದ್ದರೆ ಆ ಸ್ವರ ಕೆಡುತ್ತದೆ, ಪಕ್ಕದ ಸ್ವರಕ್ಕೆ ಏನೂ ಆಗದಿರಬಹುದು. ನೀರು ಬಿಡುವ ಕೀಲಿಯ ಕಾರ್ಕ್ ಸವೆದಿದೆಯೇ ಎಂದು ಅದನ್ನು ಬೆರಳಿನಿಂದ ಒತ್ತಿಕೊಂಡು ಊದಿ ನೋಡಿ. ವಾಲ್ವನ್ನು ಒತ್ತದೆ ಅದರ ಸ್ಲೈಡನ್ನು ಸ್ವಲ್ಪ ಹೊರಗೆಳೆದು, ಆಮೇಲೆ ವಾಲ್ವ್ ಒತ್ತಿದಾಗ ‘ಪಟ್’ ಎಂಬ ಸದ್ದು ಬಂದರೆ ಗಾಳಿ ಸೋರುತ್ತಿಲ್ಲವೆಂದು ತಿಳಿಯಿರಿ. ಬಾಯಿಯ ಹತ್ತಿರದ ಕೊಳವೆಯಲ್ಲಿ ಕಟ್ಟಿಕೊಳ್ಳುವ ಪಾಚಿಯಂಥ ಕೊಳೆಯೂ ಅಷ್ಟೇ ಹಾನಿ ಮಾಡುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೌಮ್ಯ ದ್ರಾವಣ ಮತ್ತು ಉದ್ದನೆಯ ಬಳುಕುವ ಬ್ರಷ್ ಸಾಕು. ಕುದಿನೀರು ಹಾಕಿದರೆ ಮೇಲಿನ ಮೆರುಗಿನ ಲೇಪ ಕಿತ್ತುಬರುತ್ತದೆ.

ಹಂತ 7: ಇಬ್ಬರಾಗಿ, ತಂಡವಾಗಿ

ಇಬ್ಬರು ಟ್ರಂಪೆಟ್ ವಾದಕರು ಹತ್ತಿರ ನಿಂತು ಒಂದೇ ಸ್ವರ ಊದಿ. ಇಬ್ಬರ ನಡುವೆ 2 ಹರ್ಟ್ಸ್ ವ್ಯತ್ಯಾಸವಿದ್ದರೆ ಸೆಕೆಂಡಿಗೆ ಎರಡು ಬಾರಿ ನಾದ ಏರಿಳಿಯುತ್ತದೆ. ಸರಿಹೋದಾಗ ಆ ಏರಿಳಿತ ನಿಂತು ಒಬ್ಬರ ಕಂಪನ ಇನ್ನೊಬ್ಬರ ಕೈಯಲ್ಲಿ ತಿಳಿಯುವಷ್ಟು ಸ್ಥಿರವಾಗುತ್ತದೆ. ಅನಂತರ ಒಬ್ಬರು 466 ಹರ್ಟ್ಸ್‌ನ ಬಿ ಫ್ಲಾಟ್ ಹಿಡಿದಿರಲಿ, ಇನ್ನೊಬ್ಬರು ಸಹಜ ಗಾಂಧಾರವಾದ 583ರ ಡಿಯನ್ನು ಗಟ್ಟಿಯಾಗಿ ಊದಲಿ. ಗಾಂಧಾರ ಶುದ್ಧವಾಗಿ ಸೇರಿದ ಗಳಿಗೆಯಲ್ಲಿ ಇಬ್ಬರ ಕಿವಿಯಲ್ಲೂ ಯಾರೂ ಊದದ ಮೂರನೆಯ ಸ್ವರವೊಂದು ಗುಂಯ್‌ಗುಡುತ್ತದೆ. ಅದು ಎರಡರ ವ್ಯತ್ಯಾಸವಾದ ಸುಮಾರು 117 ಹರ್ಟ್ಸ್, ಅಂದರೆ ಎರಡು ಸ್ಥಾಯಿ ಕೆಳಗಿನ ಬಿ ಫ್ಲಾಟ್. ಗಾಂಧಾರವನ್ನು ಕೀಬೋರ್ಡಿನ 587ಕ್ಕೆ ಎತ್ತಿದರೆ ವ್ಯತ್ಯಾಸ 121 ಆಗಿ ಆ ಮೂರನೆಯ ಸ್ವರ ಶ್ರುತಿ ತಪ್ಪುತ್ತದೆ. ಬ್ಯಾಂಡಿನಲ್ಲಿ ಮೇಳ ಕೂಡಿದಾಗ ಎಲ್ಲರಿಗೂ ಮೈ ಜುಮ್ಮೆನ್ನುವುದರ ಒಂದು ಮೂಲ ಇದು, ಮತ್ತು ಇದನ್ನು ಯಾವ ಟ್ಯೂನರ್ ಕೂಡ ತೋರಿಸುವುದಿಲ್ಲ.

ಬಯಲಿನಲ್ಲಿ ನುಡಿಸುವಾಗ ಪರಿಸ್ಥಿತಿ ಬೇರೆ. ಗಣರಾಜ್ಯೋತ್ಸವದ ದಿನ ಮಾಣೆಕ್ ಷಾ ಪರೇಡ್ ಮೈದಾನದಲ್ಲಿ ನುಡಿಸುವ ಪೊಲೀಸ್ ಬ್ಯಾಂಡಿನವರಿಗಾಗಲಿ ಗಣೇಶನ ಮೆರವಣಿಗೆಯಲ್ಲಿ ನಡೆಯುತ್ತ ಊದುವ ಬ್ಯಾಂಡ್ ಸೆಟ್‌ನವರಿಗಾಗಲಿ ಗೋಡೆಗಳಿಂದ ಏನೂ ಮರಳಿ ಬರುವುದಿಲ್ಲ. ಬೆಲ್‌ನಿಂದ ಹೊರಟ ಮೇಲಿನ ಉಪಸ್ವರಗಳೆಲ್ಲ ಮುಂದಕ್ಕೆ ಹೋಗಿಬಿಡುತ್ತವೆ. ತಮಗೇ ಕೇಳಿಸುತ್ತಿಲ್ಲವೆಂದು ಇನ್ನೂ ಜೋರಾಗಿ ಊದಿದರೆ ಸ್ವರ ನಡು ತಪ್ಪಿ ತುಟಿ ಬೇಗ ಸೋಲುತ್ತದೆ. ಅಂಥಲ್ಲಿ ಕಿವಿಯನ್ನು ಬಿಟ್ಟು ದವಡೆ ಮತ್ತು ಬೆರಳಿನ ಸುದ್ದಿಯನ್ನೇ ಆಧರಿಸಬೇಕು. ಮನೆಯಲ್ಲಿ ನಕ್ಷೆ ಬರೆದು ಅಭ್ಯಾಸ ಮಾಡಿದ್ದು ಕೆಲಸಕ್ಕೆ ಬರುವುದು ಆಗಲೇ.

ಕೆಲವು ಎಚ್ಚರಿಕೆಗಳು

ಹೆಚ್ಚು ಕಂಪನ ಬೇಕೆಂದು ಮೌತ್‌ಪೀಸನ್ನು ತುಟಿಗೆ ಒತ್ತಬೇಡಿ. ಒತ್ತಿದಷ್ಟೂ ಹಲ್ಲಿಗೆ ನಡುಕ ಹೆಚ್ಚು ತಿಳಿಯುತ್ತದೆ ನಿಜ, ಆದರೆ ತುಟಿಯ ರಕ್ತಸಂಚಾರ ನಿಂತು ಅದರ ಸ್ವಾತಂತ್ರ್ಯ ಹೋಗುತ್ತದೆ, ನಾದ ಚಿಕ್ಕದಾಗುತ್ತದೆ. ಮೇಲಿನ ಸ್ವರಗಳನ್ನು ಬಲವಾಗಿ ಬಹಳ ಹೊತ್ತು ಹಿಡಿದಾಗ ಎದೆಯೊಳಗಿನ ಒತ್ತಡ ಏರಿ ತಲೆಸುತ್ತು ಬರಬಹುದು. ಅದನ್ನು ಸ್ವರದ ಪರಿಣಾಮವೆಂದು ಭಾವಿಸದೆ ವಾದ್ಯ ಕೆಳಗಿಟ್ಟು ಕುಳಿತುಕೊಳ್ಳಿ, ಮರುಕಳಿಸುತ್ತಿದ್ದರೆ ವೈದ್ಯರನ್ನು ಕಾಣಿ.

ಅಪಾರ್ಟ್‌ಮೆಂಟುಗಳಲ್ಲಿ ಸದ್ದು ತಗ್ಗಿಸಲು ಬೆಲ್‌ಗೆ ಸಿಕ್ಕಿಸುವ ಪ್ರಾಕ್ಟೀಸ್ ಮ್ಯೂಟ್ ಹಾಕಿಕೊಳ್ಳುವುದು ಅನಿವಾರ್ಯವಾಗುತ್ತದೆ, ಅದರಲ್ಲೂ ಮಕ್ಕಳ ಪರೀಕ್ಷೆಯ ದಿನಗಳಲ್ಲಿ. ಬೆರಳ ಓಟ, ತಾಳ, ನಾಲಿಗೆಯ ಅಭ್ಯಾಸಗಳಿಗೆ ಅದು ಸರಿ. ಆದರೆ ಮ್ಯೂಟ್ ಬೆಲ್ ಅನ್ನು ಬಹುಮಟ್ಟಿಗೆ ಮುಚ್ಚುವುದರಿಂದ ಅನುರಣನಗಳ ಸ್ಥಾನವನ್ನೇ ಬದಲಿಸುತ್ತದೆ, ಕೆಳಗಿನ ಸ್ವರಗಳಲ್ಲಿ ಇದು ಹೆಚ್ಚು. ಮೂರನೆಯ ಮತ್ತು ಐದನೆಯ ಹಂತಗಳನ್ನು ಮ್ಯೂಟ್ ಹಾಕಿಕೊಂಡು ಮಾಡಿದರೆ ಸಿಗುವುದು ಮ್ಯೂಟಿನ ನಕ್ಷೆ. ನೆರೆಹೊರೆಯವರನ್ನು ಕೇಳಿ ಸಂಜೆ ಅರ್ಧ ಗಂಟೆಯನ್ನು ತೆರೆದ ಬೆಲ್‌ಗಾಗಿ ಮೀಸಲಿಡಿ.

ಸಣ್ಣ ಕೋಣೆಯಲ್ಲಿ ಟ್ರಂಪೆಟ್ ಅಥವಾ ಟ್ರೊಂಬೋನ್ 85 ಡೆಸಿಬಲ್‌ಗಳನ್ನು ಸುಲಭವಾಗಿ ದಾಟುತ್ತದೆ. ದಿನಕ್ಕೆ ಎಂಟು ಗಂಟೆಗಳ ಮಿತಿಯಾಗಿ ಸಾಮಾನ್ಯವಾಗಿ ಒಪ್ಪಿರುವ ಮಟ್ಟ ಅದು, ಮತ್ತು ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಕಿವಿರಕ್ಷಕಗಳನ್ನು ಬಳಸಿ. ಅವುಗಳನ್ನು ಹಾಕಿಕೊಂಡ ಮೊದಲ ದಿನಗಳಲ್ಲಿ ದವಡೆಯ ಮೂಲಕ ಬರುವ ನಾದ ವಿಪರೀತವಾಗಿ ಕೇಳಿಸಿ, ಎಲ್ಲ ಸ್ವರಗಳೂ ತಲೆಯೊಳಗೇ ಮೊಳಗಿದಂತೆ ತೋರುತ್ತದೆ. ಕಿವಿಯ ರಂಧ್ರ ಮುಚ್ಚಿದಾಗ ಮೂಳೆಯಿಂದ ಬಂದ ಶಬ್ದ ಹೊರಗೆ ಹೋಗಲಾಗದೆ ಒಳಗೇ ಉಳಿಯುವುದು ಅದಕ್ಕೆ ಕಾರಣ. ಕಿವಿ ಅದಕ್ಕೆ ಒಗ್ಗಿಕೊಳ್ಳುವವರೆಗೆ ನಕ್ಷೆಯಲ್ಲಿ ದವಡೆಯ ಸಾಲನ್ನು ತಿದ್ದಲು ಹೋಗಬೇಡಿ, ಬೆರಳಿನ ಸಾಲನ್ನು ಮಾತ್ರ ನೋಡಿಕೊಳ್ಳಿ.